ಅಟ್ಟದ ಮೇಲಿನ ಮೂಕಿಮರ

ಕೇಳುಗರಿಗೆ ನಮಸ್ಕಾರ.

ಬೇಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಈಗ ಎತ್ತಿನ ಗಾಡಿ ಓಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಗಾಡಿಗಳೆಲ್ಲ ಕೊಟ್ಟಿಗೆ ಹಿಂದೆ ನಿಂತವು. ಆಮೇಲೆ ಚಕ್ರ ಒಂದು ಕಡೆ, ನೊಗ ಒಂದು ಕಡೆ ಆಯಿತು. ನಮ್ಮಜ್ಜನ ಗಾಡಿಯ ಮೂಕಿಮರ, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿ ನೊಗ ಕಟ್ಟಿಸಿಕೊಳ್ಳುವ ಉದ್ದನೆಯ ಮರ, ಮಾತ್ರ ಅಡುಗೆಮನೆ ಅಟ್ಟದ ಮೇಲೆ ಉಳಿದಿತ್ತು. ಒಲೆಯ ಹೊಗೆ ಕುಡಿದು ಕಪ್ಪಾಗಿತ್ತು. ಹೋದ ವರ್ಷ ಬಚ್ಚಲ ಒಲೆಗೆ ಸೌದೆ ಸಾಲದೆ ಅದನ್ನು ಕೆಳಗಿಳಿಸಿದೆ. ಬಾಗಿಲು ಸರಿ ಮಾಡಲು ಬಂದಿದ್ದ ಆಚಾರ್ರು ಬಾಚಿಯಿಂದ ಒಂದು ಚಕ್ಕೆ ಎಬ್ಬಿಸಿ ನೋಡಿದರು. "ಅಣ್ಣಾ, ಇದು ತಡಸಲು. ಬಿಲ್ಲಿನ ಮರ. ಇದನ್ನ ಒಲೆಗೆ ಹಾಕ್ತೀರಾ?" ಅಂದರು.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆ ಮೂಕಿಯಿಂದಲೇ ಒಂದು ಬಿಲ್ಲು ಮಾಡಲು ಹೊರಟೆ.

ತಡಸಲು ಎಲೆ ಉದುರುವ ಕಾಡಿನ ಮರ. ಸಂಸ್ಕೃತದಲ್ಲಿ ಇದಕ್ಕೆ ಧನ್ವನ ಅಂತ ಹೆಸರು. ಧನ್ವ ಅಂದರೆ ಬಿಲ್ಲು. ಇದರ ತೊಗಟೆಯ ನಾರಿನಿಂದ ಹಗ್ಗ ಹೊಸೆಯಬಹುದು. ಗಾಡಿಯ ಮೂಕಿಗೆ, ಹೊರೆ ಹೊರುವ ಅಡ್ಡೆಗೆ, ಕೊಡಲಿ ಕಾವಿಗೆ ಹಿಂದಿನವರು ಇದನ್ನು ಹುಡುಕಿ ತರುತ್ತಿದ್ದರು. ಗುಂಡಿಗೆ ಬಿದ್ದ ಗಾಡಿ ಎಗರಿದಾಗ ಮೂಕಿ ಬಳುಕಬೇಕು, ಮುರಿಯಬಾರದು. ಬಿಲ್ಲಿಗೂ ಬೇಕಾದ್ದು ಅದೇ ಗುಣ ಅಲ್ವಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅಂತ ನಮ್ಮ ಗಾದೆ. ತಡಸಲು ಮರವಾದ ಮೇಲೂ ಬಗ್ಗುತ್ತದೆ.

ಹಸಿ ಮರ ತಂದರೆ ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಒಲೆಯ ಮೇಲೆ ವರ್ಷಗಟ್ಟಲೆ ಇದ್ದ ಈ ಮೂಕಿಗೆ ಆ ಕೆಲಸವೇ ಇರಲಿಲ್ಲ. ಆದರೆ ಹಳೆ ಮರದಲ್ಲಿ ಮೊಳೆ ಇರುತ್ತದೆ. ಉದ್ದಕ್ಕೂ ಆಯಸ್ಕಾಂತ ಆಡಿಸಿ ನೋಡಿದೆ. ಎರಡು ಮುರುಕು ಮೊಳೆ ಸಿಕ್ಕವು. ಅವಿದ್ದ ತುದಿಯನ್ನು ಕೊಯ್ದು ಹಾಕಿದೆ.

ಮೊದಲನೆಯ ಬಿಲ್ಲು ಮುರಿಯಿತು. ಅದನ್ನು ಹೇಳಲೇಬೇಕು. ನೂಲು ಹಿಡಿದು ಗೆರೆ ಹಾಕಿ ಗರಗಸದಲ್ಲಿ ನೆಟ್ಟಗೆ ಕೊಯ್ದಿದ್ದೆ. ಕಣ್ಣಿಗೆ ಚೆನ್ನಾಗಿತ್ತು. ಮರದ ಎಳೆ ಮಾತ್ರ ನನ್ನ ಗೆರೆಯ ಜೊತೆ ಬರಲಿಲ್ಲ, ಓರೆಯಾಗಿ ಹೊರಗೆ ಹೋಗಿತ್ತು. ಎಳೆ ಎಲ್ಲಿ ತುಂಡಾಗಿತ್ತೋ ಅಲ್ಲೇ ಚಕ್ಕೆ ಎದ್ದು ಪಟ್ ಅಂತ ಹೋಯಿತು. ಎರಡನೆಯದಕ್ಕೆ ಗರಗಸ ಮುಟ್ಟಲಿಲ್ಲ. ಬೆಣೆ ಹೊಡೆದು ಸೀಳಿದೆ. ಸೀಳಿದರೆ ಮರ ತನ್ನ ಎಳೆಯ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಸ್ವಲ್ಪ ಸೊಟ್ಟಗಿದ್ದರೂ ಚಿಂತೆಯಿಲ್ಲ.

ಬಿಲ್ಲಿಗೆ ಬೆನ್ನು ಇದೆ, ಹೊಟ್ಟೆ ಇದೆ. ಗುರಿಯ ಕಡೆಗಿರುವುದು ಬೆನ್ನು, ನಮ್ಮ ಕಡೆಗಿರುವುದು ಹೊಟ್ಟೆ. ಹೆದೆ ಎಳೆದಾಗ ಬೆನ್ನಿನ ನಾರು ಹಿಗ್ಗುತ್ತದೆ, ಹೊಟ್ಟೆಯ ನಾರು ಅದುಮಿಕೊಳ್ಳುತ್ತದೆ. ಮರ ಸಾಮಾನ್ಯವಾಗಿ ಬಿರಿಯುವುದು ಬೆನ್ನಿನಲ್ಲಿ. ಹಾಗಾಗಿ ಬೆನ್ನಿನ ಎಳೆ ಈ ತುದಿಯಿಂದ ಆ ತುದಿಗೆ ಎಲ್ಲೂ ಕಡಿಯದೆ ಹೋಗಬೇಕು. ಕೆತ್ತುವುದೆಲ್ಲ ಹೊಟ್ಟೆಯ ಕಡೆಯಿಂದ. ನನ್ನ ಬಿಲ್ಲು 5 ಅಡಿ 6 ಅಂಗುಲ. ಹಿಡಿಯ ಹತ್ತಿರ ಒಂದೂವರೆ ಅಂಗುಲ ಅಗಲ, ತುದಿಗೆ ಹೋಗುತ್ತಾ ಅರ್ಧ ಅಂಗುಲ.

ಇನ್ನು ಬಿಲ್ಲನ್ನು ಪಳಗಿಸುವುದು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇದೇ. ಗೋಡೆಗೆ ಗೂಟ ಹೊಡೆದು ಬಿಲ್ಲಿನ ಹಿಡಿಯನ್ನು ಅದರ ಮೇಲೆ ಕೂರಿಸಿದೆ. ಹೆದೆಗೆ ಹಗ್ಗ ಕಟ್ಟಿ, ಕೆಳಗಿನ ರಾಟೆಯಲ್ಲಿ ಹಾಯಿಸಿ, ದೂರ ನಿಂತು ಎಳೆದೆ. ಎರಡು ತೋಳೂ ಒಂದೇ ಸಮ ಬಾಗಬೇಕು. ಬಾಗದೆ ಬಿಗಿದುಕೊಂಡ ಜಾಗಕ್ಕೆ ಇದ್ದಿಲಿನ ಗುರುತು ಹಾಕಿ, ಅಲ್ಲಿ ಮಾತ್ರ ಗಾಜಿನ ಚೂರಿನಿಂದ ಹೆರೆಯುವುದು. ಮತ್ತೆ ಇಪ್ಪತ್ತು ಸಲ ನಿಧಾನವಾಗಿ ಎಳೆಯುವುದು, ಮತ್ತೆ ನೋಡುವುದು. ಜಾಸ್ತಿ ಹೆರೆದರೆ ಮರ ವಾಪಸ್ ಅಂಟುವುದಿಲ್ಲ. ಎಂಟು ಸಂಜೆ ಇದೇ ಕೆಲಸ. ಐದನೆಯ ಸಂಜೆ ಕೆಳಗಿನ ತೋಳು ಮೇಲಿನದರ ಜೊತೆ ಒಂದೇ ಸಮ ಬಾಗಿದಾಗ, ಒಬ್ಬನೇ ನಿಂತು "ಬಂತು" ಅಂತ ಜೋರಾಗಿ ಹೇಳಿದೆ. ಕೊನೆಗೆ ಕಾಫಿ ತೂಗುವ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆದರೆ 14 ಕೆಜಿ ತೋರಿಸಿತು. ಕಲಿಯುವವರಿಗೆ ಇಷ್ಟು ಧಾರಾಳವಾಯಿತು.

ಹೆದೆಯನ್ನು ಪುಂಡಿ ನಾರಿನಿಂದ ಹೊಸೆದು ಜೇನುಮೇಣ ತಿಕ್ಕಿದೆ. ಬಾಣ ಇಡದೆ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಮರಕ್ಕೇ ತಿರುಗಿ ಹೊಡೆಯುತ್ತದೆ. ಗುರಿಗೆ ಹುಲ್ಲಿನ ಪಿಂಡಿ ಸಾಕು. ಕಾಡುಪ್ರಾಣಿಗಳ ಬೇಟೆಯನ್ನು 1972ರ ಕಾನೂನೇ ನಿಲ್ಲಿಸಿದೆ, ನಿಲ್ಲಿಸಿದ್ದು ಒಳ್ಳೆಯದೇ.

ಬಿಲ್ಲು ಮುಗಿದ ಮೇಲೆ ಬೇಲೂರಿನ ಚೆನ್ನಕೇಶವ ಗುಡಿಗೆ ಹೋಗಿದ್ದೆ. ಚಿಕ್ಕಂದಿನಿಂದ ನೋಡಿದ ಗುಡಿ. ಬಿಲ್ಲು ಹಿಡಿದ ಬೇಟೆಗಾರ್ತಿಯ ಮದನಿಕೆ ಅಲ್ಲಿದ್ದಾಳೆ. ಈ ಸಲ ಅವಳ ಮುಖಕ್ಕಿಂತ ಬಿಲ್ಲನ್ನೇ ಜಾಸ್ತಿ ಹೊತ್ತು ನೋಡಿದೆ. ಹಳೇಬೀಡಿನ ಗೋಡೆಗಳ ಮೇಲೂ ರಾಮಾಯಣ, ಮಹಾಭಾರತದ ಬಿಲ್ಲುಗಾರರು ಸಾಲುಸಾಲಾಗಿ ನಿಂತಿದ್ದಾರೆ. ಕಲ್ಲಿನ ಬಿಲ್ಲುಗಳು ಉಳಿದವು. ಆ ಕಾಲದ ಮರದ ಬಿಲ್ಲುಗಳನ್ನು ಮಳೆ, ಗೆದ್ದಲು, ಒಲೆ ಬಿಟ್ಟಿರಲಾರವು. ನಮ್ಮ ಮೂಕಿಯೂ ಇನ್ನೊಂದು ಬೆಳಿಗ್ಗೆ ತಡವಾಗಿದ್ದರೆ ಬೂದಿಯಾಗುತ್ತಿತ್ತು. ನಿಮ್ಮ ಕೊಟ್ಟಿಗೆಯಲ್ಲಿ ಹಳೆ ನೊಗ, ಮೂಕಿ, ನೇಗಿಲಿನ ಈಸು ಬಿದ್ದಿದ್ದರೆ, ಒಡೆಯುವ ಮೊದಲು ದಯವಿಟ್ಟು ಒಂದು ಚಕ್ಕೆ ಎಬ್ಬಿಸಿ ಮರ ಯಾವುದೆಂದು ನೋಡಿ. ಊರಿನ ಆಚಾರ್ರನ್ನು ಕೇಳಿ.

ನಮ್ಮ ಕಡೆ ಮಳೆ ಹಿಡಿದರೆ ಮರ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಹಾಗಾಗಿ ಆರಿದ್ರೆ ಮಳೆ ಶುರುವಾದ ದಿನ ಹೆದೆ ಬಿಚ್ಚಿ, ಬಿಲ್ಲನ್ನು ಮೊದಲು ಮೂಕಿ ಇದ್ದ ಅಟ್ಟದ ಮೇಲೇ ಮಲಗಿಸಿದ್ದೇನೆ. ಕೆಳಗೆ ಒಲೆ ಉರಿಯುತ್ತಿದೆ.

ನಮಸ್ಕಾರ.