ಅಗುಳು ಕಾಣಬೇಕೋ, ಕರಗಬೇಕೋ? ಮನೆಮನೆಯ ಗಂಜಿಯ ಕಥೆ

[ದೃಶ್ಯ: ಒಲೆಯ ಮೇಲೆ ಪಾತ್ರೆ. ಕುದಿಯುವ ನೀರಿನಲ್ಲಿ ಅಕ್ಕಿ ಏಳುತ್ತಾ ಬೀಳುತ್ತಾ ಇದೆ.]

ಅಕ್ಕಿ, ನೀರು, ಉಪ್ಪು. ಇಷ್ಟರಲ್ಲಿ ಜಗಳಕ್ಕೆ ಜಾಗವೆಲ್ಲಿ? ಗಂಜಿ ಉಂಡು ಬೆಳೆದ ಇಬ್ಬರನ್ನ ಒಂದೇ ಅಡುಗೆಮನೆಗೆ ಬಿಟ್ಟು ನೋಡಿ. ಒಬ್ಬರು ಸೌಟು ಹಾಕಿ ತಿರುವೋಕೆ ಹೊರಟರೆ ಇನ್ನೊಬ್ಬರು, "ಕೈ ತೆಗೀರಿ, ಅಗುಳೆಲ್ಲ ಒಡೆದುಹೋಗುತ್ತೆ" ಅಂತಾರೆ.

ಒಂದೊಂದು ಮನೆಯ ಗಂಜಿ ಒಂದೊಂದು ಥರ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಇಷ್ಟೆಲ್ಲ ವ್ಯತ್ಯಾಸ ಹುಟ್ಟೋದು ಬಹುಮಟ್ಟಿಗೆ ಒಂದೇ ಪ್ರಶ್ನೆಯಿಂದ ಅಂತ ನನ್ನ ವಾದ. ಬೆಂದ ಮೇಲೆ ಅಗುಳು ಕಣ್ಣಿಗೆ ಕಾಣಬೇಕೋ, ಕರಗಿಹೋಗಬೇಕೋ?

[ದೃಶ್ಯ: ಬಟ್ಟಲಲ್ಲಿ ಕೆಂಪು ಕುಚ್ಚಲಕ್ಕಿ ಗಂಜಿ. ಚಮಚದಲ್ಲಿ ಎತ್ತಿದಾಗ ದಪ್ಪ ಅಗುಳು, ಸುತ್ತ ತಿಳಿ.]

ನಮ್ಮ ಕರಾವಳಿಯ ಉತ್ತರ: ಕಾಣಲೇಬೇಕು. ಅಲ್ಲಿನ ಕುಚ್ಚಲಕ್ಕಿ ಗಿರಣಿಗೆ ಹೋಗೋ ಮುಂಚೆಯೇ ಒಮ್ಮೆ ಬೆಂದಿರುತ್ತೆ. ಭತ್ತವನ್ನ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಸಿಪ್ಪೆ ತೆಗೀತಾರೆ. ಒಳಗಿನ ಪಿಷ್ಟ ಸಿಪ್ಪೆಯಲ್ಲೇ ಬೆಂದು, ಒಣಗುವಾಗ ಮತ್ತೆ ಬಿಗಿಯಾಗುತ್ತೆ, ಕಾಳಿನ ಬಿರುಕುಗಳೂ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಈ ಅಕ್ಕಿ ಬೇಯೋಕೆ ಹೊತ್ತು ಹಿಡಿಯುತ್ತೆ, ಕರಗೋಕೆ ಮನಸ್ಸೇ ಮಾಡಲ್ಲ. ತಿಳಿ ತೆಳ್ಳಗೆ, ಸಪ್ಪೆಯಾಗಿ ಉಳಿಯುತ್ತೆ. ರುಚಿಯೆಲ್ಲ ಪಾತ್ರೆಯ ಹೊರಗೆ: ಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ, ಒಣಮೀನಿನ ಚಟ್ನಿ. ಗಂಜಿ ಸಪ್ಪೆಯಾಗಿದೆ ಅಂತ ಅಲ್ಲಿ ಯಾರೂ ದೂರಲ್ಲ. ಸಪ್ಪೆ ಇದ್ದರೇ ಮಿಡಿಗೆ ಮರ್ಯಾದೆ.

[ದೃಶ್ಯ: ನಕ್ಷೆ. ದಕ್ಷಿಣ ಚೀನಾ, ಗ್ವಾಂಗ್‌ಡಾಂಗ್ ಪ್ರಾಂತ್ಯ.]

ಈಗ ಚೀನಾಕ್ಕೆ ಬನ್ನಿ. ಗ್ವಾಂಗ್‌ಝೌ ಸುತ್ತಿನ ಮನೆಗಳಲ್ಲಿ ತೊಳೆದ ಅಕ್ಕಿಗೆ ಒಂಚೂರು ಎಣ್ಣೆ, ಉಪ್ಪು ಸವರಿ ಇಡ್ತಾರೆ, ಆಮೇಲೆ ಧಾರಾಳ ನೀರಲ್ಲಿ ಗಂಟೆಗಟ್ಟಲೆ ಕುದಿಸ್ತಾರೆ. ಕೊನೆಗೆ ಅಗುಳನ್ನ ಹುಡುಕಿದರೂ ಸಿಗಲ್ಲ, ನುಣ್ಣಗಿನ ಬಿಳಿ ಗಂಜಿ ಮಾತ್ರ. ಇಷ್ಟು ಮಂದವಾದ ಗಂಜಿ ರುಚಿಯನ್ನ ಹಿಡಿದಿಟ್ಟುಕೊಳ್ಳುತ್ತೆ, ಹಾಗಾಗಿ ಹಂದಿಮಾಂಸ, ಮೀನು, ಕ್ಷಾರದಲ್ಲಿ ವಾರಗಟ್ಟಲೆ ಇಟ್ಟ ಕಪ್ಪು ಮೊಟ್ಟೆ ಎಲ್ಲ ಪಾತ್ರೆಯೊಳಗೇ ಬೀಳುತ್ತೆ.

ಅದೇ ಪ್ರಾಂತ್ಯದ ಪೂರ್ವಕ್ಕೆ ಚಾವೊಝೌ. ಅಲ್ಲಿ ಅಗುಳು ಬಾಯಿ ಬಿಟ್ಟ ಕೂಡಲೇ ಒಲೆ ಆರಿಸ್ತಾರೆ. ಮೇಲೆ ತಿಳಿ, ಕೆಳಗೆ ಅಗುಳು, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು, ಉಪ್ಪುಮೀನು. ಉಡುಪಿಯವರನ್ನ ಆ ಊಟಕ್ಕೆ ಕೂರಿಸಿದರೆ ಯಾರನ್ನೂ ಏನೂ ಕೇಳದೆ ಉಣ್ಣೋಕೆ ಶುರು ಮಾಡ್ತಾರೆ ಅನ್ನಿಸುತ್ತೆ ನನಗೆ.

[ದೃಶ್ಯ: ಗಾಜಿನ ಪಾತ್ರೆಯಲ್ಲಿ ಬೇಯುತ್ತಿರುವ ಅಕ್ಕಿ, ತೀರಾ ಹತ್ತಿರದಿಂದ.]

ಪಾತ್ರೆಯೊಳಗೆ ಆಗ್ತಿರೋದೇನು? ನೀರು 60 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗ್ತಾ ಹೋದ ಹಾಗೆ ಅಕ್ಕಿಯ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. ಅದರಲ್ಲಿರೋ ಅಮೈಲೋಸ್ ಅನ್ನೋ ಅಂಶ ಹೊರಗೆ ಸೋರಿ ನೀರಿಗೆ ಸೇರುತ್ತೆ. ಸೌಟಲ್ಲಿ ತಿರುವಿದಷ್ಟೂ ಅಗುಳಿಗೆ ಅಗುಳು ಉಜ್ಜಿ ಇನ್ನಷ್ಟು ಪಿಷ್ಟ ಕಳಚಿಕೊಂಡು ಗಂಜಿ ಮಂದವಾಗುತ್ತೆ. ಅಂದರೆ ಆ ಅಡುಗೆಮನೆಯ ಜಗಳದಲ್ಲಿ ಇಬ್ಬರೂ ಸರಿ. ಬೇಕಾಗಿರೋ ಗಂಜಿ ಬೇರೆ ಬೇರೆ, ಅಷ್ಟೇ.

ಜಪಾನಿನವರು ತಿರುವದ ಪಕ್ಷ. ಅವರ ಒಕಾಯುವನ್ನ ಸಣ್ಣ ಉರಿಯಲ್ಲಿ ಸುಮ್ಮನೆ ಬೇಯೋಕೆ ಬಿಡ್ತಾರೆ. ನೀರಿಗೂ ಅಲ್ಲಿ ಲೆಕ್ಕವಿದೆ. ಒಂದು ಅಳತೆ ಅಕ್ಕಿಗೆ 5 ಅಳತೆ ನೀರಾದರೆ ಪೂರ್ತಿ ಗಂಜಿ. 7, 10, 20 ಅಂತ ಹೋದ ಹಾಗೆ ತೆಳುವಾಗುತ್ತೆ. ಕಾಯಿಲೆಯಿಂದ ಎದ್ದವರಿಗೆ ತೆಳುವಿನಿಂದ ಶುರುಮಾಡಿ ಹಂತಹಂತವಾಗಿ ಗಟ್ಟಿಗೆ ತರೋದು ರೂಢಿ. ಜೊತೆಗೆ ಒಂದು ಹುಳಿ-ಉಪ್ಪಿನ ಉಮೆಬೋಶಿ ಹಣ್ಣು. ಮತ್ತೆ ನೋಡಿ, ಅಗುಳು ಉಳಿದ ಕಡೆ ಉಪ್ಪಿನಕಾಯಿ ಹಾಜರು!

ಫಿಲಿಪ್ಪೀನ್ಸ್‌ನ ಅರೋಸ್ ಕಾಲ್ಡೋ ಇದಕ್ಕೆ ಪೂರ್ತಿ ಉಲ್ಟಾ. ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ಕೋಳಿ ಹಾಕಿ, ಅದರಲ್ಲೇ ಅಕ್ಕಿ ಬೇಯಿಸ್ತಾರೆ. ಅನೇಕ ಮನೆಗಳಲ್ಲಿ ಅಂಟಕ್ಕಿಯನ್ನೂ ಬೆರೆಸ್ತಾರೆ. ಅದು ಬೇಗ ಒಡೆದು ಅಂಟಂಟಾಗುತ್ತೆ, ಗಂಜಿ ದಪ್ಪಗಾಗುತ್ತೆ.

ನನ್ನ ವಾದಕ್ಕೆ ತಲೆಬಾಗದ ಊರೂ ಉಂಟು. ಇಂಡೋನೇಷ್ಯಾದ ಬುಬುರ್ ಆಯಾಮ್ ಮಂದ ಗಂಜಿಯೇ, ಆದರೆ ಕೋಳಿಯ ಎಳೆ, ಹುರಿದ ಈರುಳ್ಳಿ, ಹಪ್ಪಳದಂಥ ಕ್ರುಪುಕ್ ಎಲ್ಲ ಮೇಲೆ ಬರುತ್ತೆ. ಅದನ್ನ ಕಲಸಿ ತಿನ್ನಬೇಕೋ, ಕಲಸದೆ ತಿನ್ನಬೇಕೋ ಅಂತ ಆ ದೇಶದಲ್ಲಿ ಎರಡು ಬಣಗಳೇ ಇವೆ. ನನ್ನನ್ನ ಕೇಳಿದರೆ ಕಲಸಬಾರದು. ಹಪ್ಪಳ ಮೆತ್ತಗಾದ ಮೇಲೆ ಇನ್ನೇನಿದೆ?

[ದೃಶ್ಯ: ಫ್ರೀಜರ್‌ನಿಂದ ಅಕ್ಕಿಯ ಡಬ್ಬಿ ತೆಗೆಯುವುದು. ಕಾಳಿನ ಮೇಲೆ ಬಿಳಿ ಹಿಮ.]

ಕರಗಿದ ಗಂಜಿ ಬೇಕು, ಆದರೆ ಗಂಟೆಗಟ್ಟಲೆ ಒಲೆ ಮುಂದೆ ನಿಲ್ಲೋಕಾಗಲ್ಲ ಅನ್ನೋರಿಗೆ ಒಂದು ಉಪಾಯ. ಬೆಳ್ತಿಗೆ ಅಕ್ಕಿ, ಅಂದರೆ ಮೊದಲೇ ಬೇಯಿಸದ ಬಿಳಿ ಅಕ್ಕಿ, ತೊಳೆದು, ಅರ್ಧ ಗಂಟೆ ನೆನೆಸಿ, ನೀರು ಬಸಿದು ರಾತ್ರಿ ಫ್ರೀಜರ್‌ನಲ್ಲಿಡಿ. ಕಾಳಿನೊಳಗಿನ ನೀರು ಹಿಮವಾಗಿ ಹಿಗ್ಗಿ, ಕಾಳನ್ನ ಒಳಗಿಂದ ಸೀಳುತ್ತೆ. ಬೆಳಗ್ಗೆ ನೇರವಾಗಿ ಕುದಿಯೋ ನೀರಿಗೆ ಹಾಕಿ, ಆಗಾಗ ತಿರುವಿ. ಸುಮಾರು 20 ನಿಮಿಷದಲ್ಲಿ ಅಗುಳು ಒಡೆದು ಅರಳಿರುತ್ತೆ. ಮುಚ್ಚಳ ಪೂರ್ತಿ ಮುಚ್ಚಬೇಡಿ. ಪಿಷ್ಟದ ನೊರೆ ಉಕ್ಕಿದರೆ ಒಲೆ ಒರೆಸೋದೇ ಕೆಲಸ.

ಮಿಕ್ಕ ಗಂಜಿ ತಣಿದ ಮೇಲೆ ಗಡ್ಡೆ ಕಟ್ಟಿದ ಹಾಗಾಗುತ್ತೆ. ಬಿಸಿ ಮಾಡುವಾಗ ಕುದಿನೀರು ಸ್ವಲ್ಪ ಸ್ವಲ್ಪವೇ ಸೇರಿಸ್ತಾ ಸಡಿಲಿಸಿ, ಉಪ್ಪು ಮತ್ತೊಮ್ಮೆ ನೋಡಿ ಹಾಕಿ.