ಕ್ಲಾಟ್‌ಗೆ ಮೊದಲಿನ ಐದು ವಾರ

ಕೇಳುಗರಿಗೆ ನಮಸ್ಕಾರ. ಕಾನೂನು ಓದಬೇಕು ಅಂತ ಕ್ಲಾಟ್‌ಗೆ, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಗೆ, ತಯಾರಾಗುತ್ತಿರುವ ಉಡುಪಿ, ಮಂಗಳೂರಿನ ಮಕ್ಕಳ ಜೊತೆ ಇವತ್ತು ಮಾತಾಡಬೇಕು. ಅಪ್ಪ ಅಮ್ಮನೂ ಪಕ್ಕದಲ್ಲಿ ಕೂತು ಕೇಳಿದರೆ ಒಳ್ಳೆಯದು. ನಾನು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಸಂಜೆ ಹೊತ್ತು ಈ ಪರೀಕ್ಷೆಗೆ ಓದುವವರ ಜೊತೆ ಕೂರುತ್ತೇನೆ. ನವೆಂಬರ್ ಹತ್ತಿರ ಬಂತೆಂದರೆ ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಇನ್ನು ಯಾವ ಪುಸ್ತಕ ತಗೊಳ್ಳಲಿ?"

ಯಾವುದನ್ನೂ ತಗೊಳ್ಳಬೇಡಿ ಅಂತಲೇ ನಾನು ಹೇಳುತ್ತೇನೆ. ಇಷ್ಟು ದಿನ ಬರೆದ ಮಾಕ್ ಟೆಸ್ಟ್‌ಗಳ, ಅಂದರೆ ಅಭ್ಯಾಸದ ಮಾದರಿ ಪರೀಕ್ಷೆಗಳ, ಕಟ್ಟು ನಿಮ್ಮ ಹತ್ತಿರ ಇದೆಯಲ್ಲ, ಕೊನೆಯ ಐದು ವಾರಕ್ಕೆ ಅದೇ ಪಠ್ಯಪುಸ್ತಕ. ಅದರಲ್ಲಿ ನೀವು ತಪ್ಪು ಮಾಡಿದ ಪ್ರಶ್ನೆಗಳಷ್ಟು ನಿಮಗೆ ಕಲಿಸುವ ಪಾಠ ಬೇರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಪರೀಕ್ಷೆಯ ಸ್ವರೂಪ ಮೊದಲು ನೆನಪಿಸಿಕೊಳ್ಳೋಣ. 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಲೀಗಲ್ ರೀಸನಿಂಗ್ (ಕೊಟ್ಟ ನಿಯಮವನ್ನು ಸಂಗತಿಗೆ ಹಚ್ಚುವುದು), ಲಾಜಿಕಲ್ ರೀಸನಿಂಗ್ (ತರ್ಕ), ಲೆಕ್ಕ, ಹೀಗೆ ಐದು ಭಾಗ. ಎಲ್ಲವೂ ಪ್ಯಾಸೇಜ್ ಓದಿ ಉತ್ತರಿಸುವಂಥದ್ದು. ಒಂದೊಂದು ಪ್ಯಾಸೇಜ್ 450 ಪದದವರೆಗೂ ಇರುತ್ತದೆ. ಲೆಕ್ಕ ಹಾಕಿ ನೋಡಿ, ಎರಡು ಗಂಟೆಯಲ್ಲಿ ಹತ್ತಿರಹತ್ತಿರ 10,000 ಪದ ಓದಬೇಕಾಗುತ್ತದೆ. ಅದೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಕಲಿತು ಬಂದ ನಮ್ಮ ಮಕ್ಕಳಿಗೆ ಇದು ಸಣ್ಣ ಕೆಲಸ ಅಲ್ಲ. ಆದರೆ ಆಗದ ಕೆಲಸವೂ ಅಲ್ಲ. ದಿನಾ ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯ ಓದಿ ಮುಚ್ಚಿಡಿ. ಬರೆದವರು ಏನು ಹೇಳುತ್ತಿದ್ದಾರೆ, ಯಾಕೆ ಹಾಗೆ ಹೇಳುತ್ತಾರೆ ಅಂತ ನಿಮ್ಮ ಮನೆಮಾತಿನಲ್ಲೇ ಎರಡು ಮಾತು ಹೇಳಿ. ಹೇಳಲು ಬಂದರೆ ಅರ್ಥವಾಗಿದೆ. ಬರದಿದ್ದರೆ ಮತ್ತೆ ತೆರೆದು ಓದಿ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಮಾಕ್ ಟೆಸ್ಟ್ ಬರೆದು, ಅಂಕ ನೋಡಿ, ಖುಷಿಯನ್ನೋ ಬೇಜಾರನ್ನೋ ಮಾಡಿಕೊಂಡು ಮುಂದಿನ ಟೆಸ್ಟಿಗೆ ಓಡುವ ಮಕ್ಕಳೇ ಜಾಸ್ತಿ. ವಾರಕ್ಕೆ ಎರಡೇ ಟೆಸ್ಟ್ ಸಾಕು. ಆದರೆ ಬರೆದ ಮಾರನೆಯ ದಿನ ಅದೇ ಪತ್ರಿಕೆಯನ್ನು ಮುಂದಿಟ್ಟುಕೊಂಡು, ಬರೆಯಲು ಹಿಡಿದದ್ದಕ್ಕಿಂತ ಜಾಸ್ತಿ ಹೊತ್ತು ಕೂರಬೇಕು. ಪ್ರತಿ ತಪ್ಪಿನ ಪಕ್ಕ ಕಾರಣ ಬರೆಯಿರಿ. "ಗೊತ್ತಿರಲಿಲ್ಲ" ಅಂತ ಬರೆಯುವುದು ಸುಲಭ. ನಿಜ ನೋಡಿದರೆ, "ಅಲ್ಲ" ಅನ್ನುವ ಪದವನ್ನು ಕಣ್ಣು ಹಾರಿಸಿತ್ತು, ಎರಡು ಉತ್ತರಗಳ ನಡುವೆ ತೂಗಾಡಿ ಮೊದಲು ಬರೆದದ್ದನ್ನು ಬದಲಿಸಿದ್ದಿರಿ, ಕೊನೆಯ ಹತ್ತು ನಿಮಿಷದಲ್ಲಿ ಪ್ಯಾಸೇಜ್ ಓದದೆಯೇ ಗುರುತು ಹಾಕಿದ್ದಿರಿ. ಇವಕ್ಕೆಲ್ಲ ಮದ್ದು ಬೇರೆ ಬೇರೆ. ನಾಲ್ಕು ಟೆಸ್ಟ್ ಹೀಗೆ ನೋಡಿದ ಮೇಲೆ ನಿಮ್ಮ ಕೈ ಎಲ್ಲಿ ಜಾರುತ್ತದೆ ಅಂತ ನಿಮಗೇ ಕಾಣುತ್ತದೆ.

ಲೀಗಲ್ ರೀಸನಿಂಗ್‌ನಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ನೋಡುವ ತಪ್ಪು ಒಂದಿದೆ. ಅದಕ್ಕೆ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಪ್ಯಾಸೇಜಿನಲ್ಲಿ ಒಂದು ನಿಯಮ ಕೊಟ್ಟಿದ್ದಾರೆ ಅಂದುಕೊಳ್ಳಿ: ರಸ್ತೆಗೆ ಬಾಗಿದ ಮರದಿಂದ ದಾರಿಹೋಕರಿಗೆ ಪೆಟ್ಟಾದರೆ, ಅಪಾಯ ಇದೆ ಅಂತ ಮೊದಲೇ ಗೊತ್ತಿದ್ದ ಮಾಲೀಕ ಮಾತ್ರ ಹೊಣೆ. ಆಮೇಲೆ ಕತೆ. ಸುರತ್ಕಲ್‌ನಲ್ಲಿ ಒಬ್ಬರ ತೆಂಗಿನ ಮರ ರಸ್ತೆಗೆ ಬಾಗಿದೆ. ಮಾಲೀಕರು ಮುಂಬೈಯಲ್ಲಿದ್ದಾರೆ. ಪಕ್ಕದ ಮನೆಯವರು ಫೋನ್ ಮಾಡಿ, ಕಾಯಿ ಬೀಳುತ್ತಿದೆ, ಯಾರನ್ನಾದರೂ ಹತ್ತಿಸಿ ಕೀಳಿಸಿ ಅಂದಿದ್ದಾರೆ. ಅವರು ಸುಮ್ಮನಿದ್ದರು. ಸ್ಕೂಟರಿನಲ್ಲಿ ಹೋಗುತ್ತಿದ್ದವರ ಭುಜಕ್ಕೆ ಕಾಯಿ ಬಿತ್ತು. ಹೊಣೆ ಯಾರು? ಮಾಲೀಕರೇ. ಫೋನ್ ಬಂದಾಗಲೇ ಅವರಿಗೆ ಗೊತ್ತಾಗಿತ್ತು. ದೂರದ ಊರಲ್ಲಿದ್ದರು, ಪಾಪ, ಅನ್ನುವುದಕ್ಕೆ ಇಲ್ಲಿ ಜಾಗ ಇಲ್ಲ. ಈಗ ಕತೆಯಿಂದ ಆ ಫೋನನ್ನು ತೆಗೆದುಬಿಡಿ. ಮಾಲೀಕರಿಗೆ ಏನೂ ಗೊತ್ತಿರಲಿಲ್ಲ. ಆಗ ಈ ನಿಯಮದ ಪ್ರಕಾರ ಅವರು ಹೊಣೆ ಅಲ್ಲ. ಪೆಟ್ಟು ತಿಂದವರನ್ನು ನೋಡಿ ಮನಸ್ಸು ಬೇರೆ ಹೇಳಬಹುದು. ಬೇರೆಲ್ಲೋ ಓದಿದ ಇನ್ನೊಂದು ನಿಯಮ ನೆನಪಾಗಬಹುದು. ಎರಡನ್ನೂ ಪಕ್ಕಕ್ಕಿಟ್ಟು, ಪುಟದ ಮೇಲೆ ಇರುವ ನಿಯಮವನ್ನೇ ಪುಟದ ಮೇಲೆ ಇರುವ ಸಂಗತಿಗೆ ಹಚ್ಚಬೇಕು. ಬುದ್ಧಿವಂತ ಮಕ್ಕಳೇ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ನೆಗೆಟಿವ್ ಅಂಕದ ಹೆದರಿಕೆಯನ್ನೂ ಲೆಕ್ಕದಲ್ಲೇ ನೋಡಿ. ಏನೂ ಗೊತ್ತಿಲ್ಲದೆ 8 ಪ್ರಶ್ನೆಗೆ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೆ, ಸರಾಸರಿ 2 ಸರಿ, 6 ತಪ್ಪು. 2 ಬಂತು, ಒಂದೂವರೆ ಹೋಯಿತು, ಉಳಿದದ್ದು ಅರ್ಧ ಅಂಕ. ಅದೇ 8 ಪ್ರಶ್ನೆಯಲ್ಲಿ ಎರಡೆರಡು ಉತ್ತರ ಖಂಡಿತ ಅಲ್ಲ ಅಂತ ತಳ್ಳಿಹಾಕಿ, ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ 4 ಸರಿ, 4 ತಪ್ಪು. ಕೈಯಲ್ಲಿ 3 ಅಂಕ. ಹಾಗಾಗಿ ಎರಡನ್ನು ತಳ್ಳಿಹಾಕಿದ ಮೇಲೆ ಹೆದರಿ ಬಿಟ್ಟುಬಿಡಬೇಡಿ.

ಪ್ರಚಲಿತ ವಿದ್ಯಮಾನಕ್ಕೆ ಹೊಸ ಮಾಸಪತ್ರಿಕೆ ಬೇಡ. ವರ್ಷವಿಡೀ ಮಾಡಿದ ನೋಟ್ಸನ್ನೇ ತಿರುವಿ. ನಮ್ಮ ಊರಿಗೆ ಗಂಟು ಹಾಕಿಕೊಂಡರೆ ಬೇಗ ನೆನಪಿರುತ್ತದೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೆಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1973ರ ಏಪ್ರಿಲ್ 24ರಂದು ಹೇಳಿದ್ದು ಕೇಶವಾನಂದ ಭಾರತಿ ಪ್ರಕರಣದಲ್ಲಿ. ಆ ಸ್ವಾಮೀಜಿ ನಮ್ಮ ಪಕ್ಕದ ಕಾಸರಗೋಡಿನ ಎಡನೀರು ಮಠದವರು. ತೀರ್ಪು ಕೊಟ್ಟ 13 ನ್ಯಾಯಮೂರ್ತಿಗಳಲ್ಲಿ ಒಬ್ಬರು ಕಾರ್ಕಳ ಕಡೆಯ ಕೆ. ಎಸ್. ಹೆಗ್ಡೆ. ಸಂವಿಧಾನ ರಚನಾ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ. ಕೊನೆಗೆ ಅವರು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೂ ಆದರು. ಆ ನ್ಯಾಯಾಲಯದಲ್ಲಿ 15 ನ್ಯಾಯಾಧೀಶರು, ಒಬ್ಬೊಬ್ಬರಿಗೆ 9 ವರ್ಷ ಅವಧಿ. ಹೊಸ ಅಪರಾಧ ಕಾನೂನುಗಳು ಜಾರಿಯಾದದ್ದು 2024ರ ಜುಲೈ 1ರಂದು. ಐಪಿಸಿಯ, ಅಂದರೆ ಭಾರತೀಯ ದಂಡ ಸಂಹಿತೆಯ, ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, 511 ಸೆಕ್ಷನ್ ಇದ್ದದ್ದು 358 ಆಯಿತು. ಇಂಥದ್ದನ್ನು ಗೆಳೆಯರ ಜೊತೆ ಬಸ್ಸಿನಲ್ಲಿ ಕೇಳಿಕೊಳ್ಳುತ್ತಾ ಹೋಗಬಹುದು.

ವೇಳಾಪಟ್ಟಿ ಬರೆಯುವಾಗ ನಮ್ಮ ಕರಾವಳಿಯ ನವೆಂಬರ್ ಹೇಗಿರುತ್ತದೆ ಅಂತ ಮರೆಯಬೇಡಿ. ದೀಪಾವಳಿ ಆಸುಪಾಸಿನಲ್ಲೇ ಬರುತ್ತದೆ. ತುಳಸಿ ಪೂಜೆ, ಕೃಷ್ಣ ಮಠದ ಲಕ್ಷದೀಪೋತ್ಸವ, ಯಕ್ಷಗಾನ ಮೇಳಗಳ ತಿರುಗಾಟ, ನೆಂಟರ ಮದುವೆಗಳು. ಎಲ್ಲವನ್ನೂ ಬಿಡಿ ಅಂತ ನಾನು ಹೇಳುವುದಿಲ್ಲ. ಒಂದು ಸಂಜೆ ದೀಪೋತ್ಸವಕ್ಕೆ ಹೋಗಿ ಬನ್ನಿ, ಆ ಸಂಜೆಯನ್ನು ಮೊದಲೇ ಪಟ್ಟಿಯಲ್ಲಿ ಬರೆದಿಡಿ. ಅಪ್ಪ ಅಮ್ಮಂದಿರೇ, ಮದುವೆ ಮನೆಯಲ್ಲಿ "ಮಾಕ್‌ನಲ್ಲಿ ಎಷ್ಟು ಬಂತು?" ಅಂತ ಯಾರಾದರೂ ಮಗುವನ್ನು ಕೇಳಿದರೆ ನೀವು ಮಾತು ಬದಲಿಸಿ. ದಯವಿಟ್ಟು ನೀವೂ ದಿನಾ ಕೇಳಬೇಡಿ. ಉಡುಪಿಯಲ್ಲೇ ವೈಕುಂಠ ಬಾಳಿಗಾ ಕಾನೂನು ಕಾಲೇಜಿದೆ, ಮಂಗಳೂರಿನಲ್ಲಿ ಎಸ್‌ಡಿಎಂ ಇದೆ. ಅಲ್ಲಿ ಓದಿಯೂ ಒಳ್ಳೆಯ ವಕೀಲರಾಗಬಹುದು, ಆ ದಾರಿ ತೆರೆದೇ ಇದೆ ಅಂತ ಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿ. ಮಗು ನಿದ್ದೆ ಮಾಡುತ್ತದೆ.

ಪರೀಕ್ಷೆ ಈಗ ಡಿಸೆಂಬರಿನ ಮೊದಲ ಭಾನುವಾರ, ಮಧ್ಯಾಹ್ನ 2ರಿಂದ 4ರವರೆಗೆ ನಡೆಯುತ್ತಿದೆ. ಕಡೆಯ ಎರಡು ವಾರದ ಮಾಕ್‌ಗಳನ್ನು ಅದೇ ಹೊತ್ತಿಗೆ ಬರೆಯಿರಿ. ಊಟದ ನಂತರ ಕಣ್ಣು ಎಳೆಯುತ್ತದೆ, ಅಲ್ವಾ? ಆ ದಿನ ಏನು ಊಟ ಮಾಡಬೇಕು ಅನ್ನುವುದೂ ಆಗಲೇ ಗೊತ್ತಾಗಲಿ. ಮೊಬೈಲಿನಲ್ಲಿ ಬರೆಯಬೇಡಿ. ವೃತ್ತ ತುಂಬಿಸಿ ಉತ್ತರ ಗುರುತಿಸುವ ಓಎಂಆರ್ ಹಾಳೆ ಪ್ರಿಂಟ್ ಹಾಕಿಸಿ ಬಾಲ್ ಪೆನ್ನಿನಿಂದ ತುಂಬಿಸಿ, ಯಾಕೆಂದರೆ ವೃತ್ತ ತುಂಬಿಸುವ ಸಮಯವೂ ಆ 120 ನಿಮಿಷದ ಒಳಗೇ ಬರುತ್ತದೆ. ಶುಕ್ರವಾರದಿಂದ ಮಾಕ್ ಬೇಡ. ಪ್ರವೇಶ ಪತ್ರದಲ್ಲಿರುವ ಕೇಂದ್ರವನ್ನು ಹಿಂದಿನ ದಿನವೇ ನೋಡಿ ಬನ್ನಿ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್‌ನಲ್ಲಿ ಸೇರಿಲ್ಲ. ಅದರದ್ದು ಐಲೆಟ್ ಅನ್ನುವ ಬೇರೆ ಪರೀಕ್ಷೆ. ಈಚಿನ ವರ್ಷಗಳಲ್ಲಿ ಅದು ಕ್ಲಾಟ್ ಆದ ಮುಂದಿನ ಭಾನುವಾರ ಬರುತ್ತಿದೆ. ಅದನ್ನೂ ಬರೆಯುವವರು ಕ್ಲಾಟ್ ಮುಗಿದ ರಾತ್ರಿ ಉತ್ತರ ತಾಳೆ ನೋಡುತ್ತಾ ಕೂರಬೇಡಿ. ಅಲ್ಲಿ 150 ಪ್ರಶ್ನೆ, ಸಮಯ ಅದೇ ಎರಡು ಗಂಟೆ. 70 ಪ್ರಶ್ನೆ ಲಾಜಿಕಲ್ ರೀಸನಿಂಗ್, 50 ಇಂಗ್ಲಿಷ್, 30 ಪ್ರಚಲಿತ ವಿದ್ಯಮಾನ. ಸೋಮವಾರ ವಿಶ್ರಾಂತಿ ತಗೊಳ್ಳಿ. ಮಂಗಳವಾರದಿಂದ ಲಾಜಿಕಲ್ ರೀಸನಿಂಗ್‌ಗೆ ದಿನದ ಅರ್ಧ ಹೊತ್ತು ಕೊಡಿ, ಗುರುವಾರ ಒಂದು ಪೂರ್ತಿ ಪತ್ರಿಕೆ ಗಡಿಯಾರ ಇಟ್ಟುಕೊಂಡು ಬರೆಯಿರಿ, ಶುಕ್ರವಾರ ಅದರ ತಪ್ಪುಗಳನ್ನು ನೋಡಿ. ನಮಸ್ಕಾರ.