ಪೆಜ್ ಬೆಲೆ ಇರುವುದು ತಲೆಯಲ್ಲಿ!

ನಮಸ್ಕಾರ ಸ್ನೇಹಿತರೇ. ಕಳೆದ ವಿಡಿಯೋಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ನನ್ನ ಪೆಜ್ ಡಿಸ್ಪೆನ್ಸರ್‌ನ ಸ್ಟೆಮ್ ಮೇಲೆ (ಅಂದರೆ ತಲೆಯ ಕೆಳಗಿನ ಉದ್ದ ಡಬ್ಬಿಯ ಮೇಲೆ) ಯುಗೊಸ್ಲಾವಿಯಾ ಅಂತ ಇದೆ, ಬಣ್ಣವೂ ಬೇರೆ. ಹಾಗಾಗಿ ಇದು ಅಪರೂಪದ ಪೀಸ್, ಎರಡು ಪಟ್ಟು ಬೆಲೆ." ಇದಕ್ಕೆ ಲೈಕ್ ಬೇರೆ! ಓದಿ ಮೈ ಉರಿಯಿತು.

ಹೊಸಬರಿಗೆ ಚಿಕ್ಕದಾಗಿ ಹೇಳುತ್ತೇನೆ. 1927ರಲ್ಲಿ ವಿಯೆನ್ನಾದಲ್ಲಿ ಎಡ್ವರ್ಡ್ ಹಾಸ್ ಶುರು ಮಾಡಿದ ಪುದೀನ ಮಿಠಾಯಿಯೇ ಪೆಜ್. ಅದನ್ನು ಒಂದೊಂದಾಗಿ ಕೊಡುವ ಲೈಟರ್ ಥರದ ಡಬ್ಬಿ, ಅಂದರೆ ಡಿಸ್ಪೆನ್ಸರ್, ಬಂದದ್ದು 1949ರಲ್ಲಿ. ಅದರ ಮೇಲೆ ಗೊಂಬೆ ತಲೆಗಳು ಬಂದದ್ದು 1950ರ ದಶಕದಲ್ಲಿ, ಅಮೆರಿಕದಲ್ಲಿ. ಜನ ಹುಚ್ಚೆದ್ದು ಸಂಗ್ರಹಿಸುವುದು ಆ ತಲೆಗಳನ್ನೇ. ತಲೆಗಳನ್ನು!

ಈಗ ಒಂದು ಕೆಲಸ ಮಾಡಿ. ತಲೆಯನ್ನು ಸ್ವಲ್ಪ ಜೋರಾಗಿ ಎಳೆಯಿರಿ. ಮಿಠಾಯಿ ತುಂಬುವ ಒಳಗಿನ ಕೊಳವೆ (ಸ್ಲೀವ್) ಸಮೇತ ತಲೆ ಹೊರಗೆ ಬರುತ್ತದೆ. ಅದನ್ನು ಇನ್ನೊಂದು ಸ್ಟೆಮ್‌ಗೆ ತೂರಿಸಿ. ಕೆಂಪು ಇದ್ದದ್ದು ನೀಲಿ ಆಯಿತು. ಇದಕ್ಕೆ ಯಾರಾದರೂ ಜಾಸ್ತಿ ದುಡ್ಡು ಕೊಡಬೇಕಾ?

"ತಯಾರಾದ ದೇಶದ ಹೆಸರು ಅಚ್ಚಾಗಿದೆಯಲ್ಲ?" ಆಗಿದೆ. ಎಲ್ಲಿ? ಸ್ಟೆಮ್ ಮೇಲೆ! "ಪೇಟೆಂಟ್ ನಂಬರ್?" ಅದೂ ಸ್ಟೆಮ್ ಮೇಲೆ. 3.942.683 ಅಂತ ಇದ್ದರೆ ಆ ಸ್ಟೆಮ್ 1976ಕ್ಕಿಂತ ಹಳೆಯದಲ್ಲ, ಅಷ್ಟೇ. ಮೇಲೆ ಕೂತಿರುವ ತಲೆ ಎಲ್ಲಿಂದ ಬಂತು ಅಂತ ಆ ನಂಬರ್ ಹೇಳುವುದಿಲ್ಲ. ಸ್ಟೆಮ್ ಸಾಕ್ಷಿ ಹೇಳುವುದು ಸ್ಟೆಮ್‌ಗೆ ಮಾತ್ರ.

"ಪಾದ ಇಲ್ಲದ್ದು ಹಳೆಯದು ಅಲ್ವಾ?" ಬಂದೇ ಬಂತು ನೋಡಿ ಈ ಪ್ರಶ್ನೆ! ನೆಟ್ಟಗೆ ನಿಲ್ಲಲು ತಳದಲ್ಲಿ ಪಾದ ಸೇರಿದ್ದು 1987ರಲ್ಲಿ, ಸರಿ. ಆದರೆ ಪಾದ ಇರುವುದು ಸ್ಟೆಮ್‌ಗೆ. ಬ್ಲೇಡ್ ತಗೊಂಡು ಪಾದ ಕತ್ತರಿಸಿ "ಹಳೆಯದು" ಅಂತ ಮಾರುವವರೂ ಇದ್ದಾರೆ. ತಳದ ಅಂಚು ಒರಟಾಗಿದ್ದರೆ ಕೈ ಹಾಕಬೇಡಿ.

ಹಾಗಾದರೆ ಚಿಕ್ಕ ವ್ಯತ್ಯಾಸಕ್ಕೆ ಬೆಲೆಯೇ ಇಲ್ಲವೇ? ಇದೆ, ಬೇಕಾದಷ್ಟಿದೆ. ತಲೆಯಲ್ಲಿ! ಪ್ಲಾಸ್ಟಿಕ್‌ನಲ್ಲೇ ಬೆರೆತ ಬಣ್ಣ. ಬೇರೆ ಅಚ್ಚಿನಲ್ಲಿ ಬಂದ ಮೂಗು. ಟೋಪಿ, ಕೂದಲು ಹಾಗೇ ಉಳಿದಿರುವುದು. ಮುಖವನ್ನು ನಾವೇ ಜೋಡಿಸುವ 'ಮೇಕ್ ಎ ಫೇಸ್' ಅನ್ನುವ ಪೆಜ್ ನೋಡಿ. 1972ರಲ್ಲಿ ಬಂತು. ಕಣ್ಣು, ಮೂಗು, ಕಿವಿ ಎಲ್ಲಾ ಬಿಡಿಬಿಡಿ. ಮಕ್ಕಳು ನುಂಗಿಬಿಟ್ಟಾರು ಅಂತ ಬೇಗನೆ ವಾಪಸ್ ತೆಗೆದುಕೊಂಡರು. ಅದರ ಎಲ್ಲಾ ತುಂಡುಗಳೂ ಪ್ಯಾಕಿಂಗ್ ಕಾರ್ಡ್ ಸಮೇತ ಇದ್ದರೆ, ಆಹಾ! ಒಂದು ಕಿವಿ ಕಳೆದರೂ ಬೆಲೆ ಬಿತ್ತು. ವ್ಯತ್ಯಾಸ ಅಂದರೆ ಇದು.

ಬಿಸಿಲಿಗೆ ಮಾಸಿದ ತಲೆಯನ್ನು "ಅಪರೂಪದ ಬಣ್ಣ" ಅನ್ನುತ್ತಾರೆ. ಕಣ್ಣಿನ ಪೇಂಟ್ ಉಜ್ಜಿ ತೆಗೆದು "ಫ್ಯಾಕ್ಟರಿ ತಪ್ಪು" ಅನ್ನುತ್ತಾರೆ. ಸುಮ್ನೆ ನಂಬಬೇಡಿ. ತಲೆಯ ಹಿಂಬದಿ ನೋಡಿ, ಒಳಬದಿ ನೋಡಿ. ಬೆಳಕು ಬೀಳದ ಕಡೆ ಬಣ್ಣ ಬೇರೆಯಾಗಿದ್ದರೆ ಅದು ಮಾಸಿದ್ದೇ.

ಇನ್ನೂ ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ. ಮುಂದಿನ ವಾರ ಮೆತ್ತನೆಯ ರಬ್ಬರ್ ತಲೆಯ ಸೂಪರ್‌ಹೀರೋಗಳ ಬಗ್ಗೆ ಮಾತಾಡುತ್ತೇನೆ, ಬೆಲ್ ಒತ್ತಿಡಿ.

ಮತ್ತೆ "ಆದರೆ ನನ್ನದು ಯುಗೊಸ್ಲಾವಿಯಾ" ಅನ್ನುವವರೇ, ಸ್ಟೆಮ್ ಫೋಟೋ ಕಳಿಸಬೇಡಿ. ನೋಡುವುದೇ ಇಲ್ಲ. ತಲೆ ತೋರಿಸಿ, ತಲೆ! ಹಿಂದಿನಿಂದ, ಒಳಗಿನಿಂದ, ಒಳ್ಳೆ ಬೆಳಕಲ್ಲಿ. ಆಮೇಲೆ ಬೆಲೆ ಮಾತಾಡೋಣ.